ಸಂತರಲ್ಲದ ಸೇಂಟ್ ವೆನಾಂ

ಇಂಜಿನಿಯರಿಂಗ್ ಕಾಲೇಜು ಸೇರಿದ ನಮ್ಮ ಕಥೋಲಿಕ ಮನೆಗಳ ಮಕ್ಕಳು ಪದಾರ್ಥಬಲದ ಪಾಠದಲ್ಲಿ 'ಸೇಂಟ್ ವೆನೆಂಟ್ ತತ್ತ್ವ' ಎಂಬ ಮಾತನ್ನು ಮೊದಲ ಸಲ ಕೇಳಿದಾಗ, ಇವರಾವ ಸಂತರು, ಇವರ ಹಬ್ಬ ಯಾವ ದಿನ ಎಂದು ಕ್ಷಣಕಾಲ ಯೋಚಿಸಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ. ವೆನಾನ್ಸಿಯುಸ್ ಎಂಬ ರಕ್ತಸಾಕ್ಷಿಯೊಬ್ಬರು ಧರ್ಮಸಭೆಯ ಹಳೆಯ ಪಂಚಾಂಗದಲ್ಲಿ ಮೇ 18ರಂದು ಸ್ಮರಿಸಲ್ಪಡುತ್ತಿದ್ದುದೂ ಉಂಟು. ಆದರೆ ಪಠ್ಯಪುಸ್ತಕದ ಸೇಂಟ್ ವೆನೆಂಟ್ ಅವರಲ್ಲ. ಫ್ರೆಂಚರ ಬಾಯಲ್ಲಿ ಈ ಹೆಸರು ಸುಮಾರಾಗಿ 'ಸೇಂಟ್ ವೆನಾಂ' ಎಂದು ಕೇಳಿಸುತ್ತದೆ. ಅದು ಒಂದು ಮನೆತನದ ಹೆಸರು. ಆ ಹೆಸರನ್ನು ಹೊತ್ತವರು ಮದುವೆಯಾಗಿ ಸಂಸಾರ ನಡೆಸಿದ ಗೃಹಸ್ಥರು, ಸರಕಾರಿ ಇಂಜಿನಿಯರರು, ಪ್ರಾಧ್ಯಾಪಕರು. ಅವರನ್ನು ಯಾರೂ ಪೀಠಕ್ಕೇರಿಸಲಿಲ್ಲ. ಆದರೂ ಅವರ ಬದುಕಿನ ಕಥೆ ನಮ್ಮ ಕುಟುಂಬಗಳು ತಿಳಿದಿರಬೇಕಾದ ಕಥೆಯೆಂದು ನಾವು ಭಾವಿಸುತ್ತೇವೆ.

ಅಡೆಮಾರ್ ಜಾನ್ ಕ್ಲೋದ್ ಬಾರೆ ದ ಸೇಂಟ್ ವೆನಾಂ ಅವರು ಜನಿಸಿದ್ದು 1797ರ ಆಗಸ್ಟ್ 23ರಂದು, ಪ್ಯಾರಿಸ್ಸಿನ ಆಗ್ನೇಯಕ್ಕಿರುವ ವಿಲಿಯೇ ಆನ್ ಬಿಯೇರ್ ಎಂಬ ಊರಿನಲ್ಲಿ. ತಂದೆ ಸಾನ್ ದೊಮಾಂಗ್ ವಸಾಹತಿನಲ್ಲಿ, ಅಂದರೆ ಇಂದಿನ ಹೈಟಿಯಲ್ಲಿ, ಬಾಳಿದ್ದು ಬಂದವರು. ಬೇಸಾಯದ ಅರ್ಥಶಾಸ್ತ್ರವನ್ನು ಬಲ್ಲವರು. ಮಗನ ಪ್ರತಿಭೆ ಬಾಲ್ಯದಲ್ಲಿಯೇ ಕಂಡುಬಂದಿತು. 1813ರಲ್ಲಿ, ಹದಿನಾರನೆಯ ವಯಸ್ಸಿಗೆ, ಸ್ಪರ್ಧಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಫ್ರಾನ್ಸಿನಲ್ಲಿ ಗಣಿತ, ವಿಜ್ಞಾನ, ಇಂಜಿನಿಯರಿಂಗ್ ಬಲ್ಲವರೆಲ್ಲ ಹಾದುಹೋಗಬೇಕಾಗಿದ್ದ ಹೆಬ್ಬಾಗಿಲು ಆ ಶಾಲೆ. ಅಲ್ಲಿಯೂ ತರಗತಿಗೆ ಮೊದಲಿಗರು.

ಆಗ ದೇಶದ ಸ್ಥಿತಿ ಹೇಗಿತ್ತೆಂಬುದನ್ನು ಓದುಗರು ನೆನಪಿಗೆ ತಂದುಕೊಳ್ಳಬೇಕು. ನೆಪೋಲಿಯನ್ನನು ರಷ್ಯಾದ ಹಿಮದಲ್ಲಿ ತನ್ನ ಸೈನ್ಯವನ್ನು ಕಳೆದುಕೊಂಡು ಹಿಂದೆ ಸರಿಯುತ್ತಿದ್ದ ಕಾಲ. ಜಗದ್ಗುರು ಏಳನೆಯ ಪಿಯುಸ್ ಅವರನ್ನು ಆತ 1809ರಲ್ಲಿ ರೋಮಿನಿಂದ ಸೆರೆಹಿಡಿದು ಒಯ್ದಿದ್ದನು. 1812ರಿಂದ 1814ರ ಜನವರಿಯವರೆಗೆ ಅವರನ್ನಿರಿಸಿದ್ದು ಫೊಂತೆನ್‌ಬ್ಲೋ ಅರಮನೆಯಲ್ಲಿ. ಆ ಅರಮನೆ ಸೇಂಟ್ ವೆನಾಂ ಅವರ ಹುಟ್ಟೂರಿಗೆ ಅಷ್ಟೇನೂ ದೂರವಲ್ಲ. ಇದೇ ಮುಂದಿನ ಘಟನೆಗೆ ಕಾರಣವೆಂದು ನಾವು ಹೇಳುವುದಿಲ್ಲ. ಆದರೆ ರಾಜಭಕ್ತಿಯೂ ಧರ್ಮಶ್ರದ್ಧೆಯೂ ಬೆರೆತ ಮನೆಗಳಲ್ಲಿ ಆ ಚಕ್ರವರ್ತಿಯನ್ನು ಯಾವ ಕಣ್ಣಿನಿಂದ ನೋಡುತ್ತಿದ್ದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

1814ರ ಮಾರ್ಚ್ ತಿಂಗಳ ಕೊನೆಯಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳ ಸೈನ್ಯಗಳು ಪ್ಯಾರಿಸ್ಸಿನ ಬಾಗಿಲಿಗೆ ಬಂದು ನಿಂತವು. ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳನ್ನು ಫಿರಂಗಿಗಳೊಡನೆ ನಗರದ ರಕ್ಷಣೆಗೆ ಹೊರಡಿಸಲಾಯಿತು. ತನ್ನ ತಂಡದ ಮುಂದಾಳಾಗಿದ್ದ ಹದಿನಾರರ ಬಾಲಕ ಸೇಂಟ್ ವೆನಾಂ ಸಾಲಿನಿಂದ ಹೊರಬಂದು, ಸಿಂಹಾಸನವನ್ನು ಅನ್ಯಾಯವಾಗಿ ಆಕ್ರಮಿಸಿದವನ ಪರವಾಗಿ ಕಾದಾಡಲು ತನ್ನ ಮನಸ್ಸಾಕ್ಷಿ ಒಪ್ಪದೆಂದು ಎಲ್ಲರ ಎದುರಿನಲ್ಲಿ ಹೇಳಿದರು. ಒಡನಾಡಿಗಳು ಕೆರಳಿದರು. ಆತನಿಗೆ ರಣಹೇಡಿ, ಓಡಿಹೋದವನು ಎಂಬ ಪಟ್ಟ ಕಟ್ಟಲಾಯಿತು. ಮತ್ತೆಂದೂ ಆ ಶಾಲೆಯ ಮೆಟ್ಟಿಲು ಹತ್ತಗೊಡಲಿಲ್ಲ.

ಕೆಲವೇ ದಿನಗಳಲ್ಲಿ ನೆಪೋಲಿಯನ್ನನು ಸಿಂಹಾಸನ ಬಿಟ್ಟನು, ರಾಜವಂಶ ಮರಳಿತು, ಮೇ 24ರಂದು ಜಗದ್ಗುರುಗಳು ರೋಮ್ ನಗರವನ್ನು ಮರುಪ್ರವೇಶಿಸಿದರು. ಗಾಳಿ ತನ್ನ ಕಡೆಗೇ ತಿರುಗಿದ ಮೇಲೆ ಹುಡುಗನಿಗೆ ಬಹುಮಾನ ದೊರೆಯಿತೆಂದು ಓದುಗರು ಎಣಿಸಬಹುದು. ಹಾಗೇನೂ ಆಗಲಿಲ್ಲ. ಸುಮಾರು ಎಂಟು ವರ್ಷ ಅವರು ಸರಕಾರದ ಸಿಡಿಮದ್ದಿನ ಇಲಾಖೆಯಲ್ಲಿ ಸಹಾಯಕರಾಗಿ ದುಡಿದರು. ತರಗತಿಗೇ ಮೊದಲಿಗನಾದವನಿಗೆ ಗಂಧಕ, ಪೆಟ್ಲುಪ್ಪುಗಳ ಲೆಕ್ಕ ಬರೆಯುವ ಕೆಲಸ. 1823ರಲ್ಲಿ ಸರಕಾರವು ಪ್ರವೇಶ ಪರೀಕ್ಷೆಯಿಲ್ಲದೆ ಅವರನ್ನು ಸೇತುವೆ ಮತ್ತು ರಸ್ತೆಗಳ ಶಾಲೆಗೆ, ಎಕೋಲ್ ದೇ ಪೊಂಜ್ ಎ ಶೊಸ್ಸೇಗೆ, ಸೇರಿಸಿಕೊಂಡಿತು. ಅಲ್ಲಿನ ವಿದ್ಯಾರ್ಥಿಗಳು ಹಳೆಯದನ್ನು ಮರೆತಿರಲಿಲ್ಲ. ಎರಡು ವರ್ಷಗಳ ಕಾಲ ಅವರೊಡನೆ ಯಾರೂ ಮಾತನಾಡಲಿಲ್ಲ; ಅವರು ಕುಳಿತ ಬೆಂಚಿನಲ್ಲಿ ಯಾರೂ ಕುಳಿತುಕೊಳ್ಳಲಿಲ್ಲ. ಅವರು ಒಂದು ಪಾಠವನ್ನೂ ತಪ್ಪಿಸದೆ ಕೇಳಿದರು, 1825ರಲ್ಲಿ ಪ್ರಥಮ ಸ್ಥಾನ ಗಳಿಸಿ ಹೊರಬಂದರು.

ಮಕ್ಕಳನ್ನು ದೂರದ ಹಾಸ್ಟೆಲುಗಳಿಗೆ ಕಳುಹಿಸಿರುವ ತಾಯ್ತಂದೆಯರು ಆ ಬೆಂಚನ್ನು ಒಮ್ಮೆ ಕಣ್ಣೆದುರು ತಂದುಕೊಳ್ಳಲಿ. ಹೊಡೆತ, ಬೈಗುಳ ಇವುಗಳಿಗಾದರೂ ದೂರು ಕೊಡಬಹುದು. ಯಾರೂ ಬಂದು ಕೂರದ ಬೆಂಚಿನ ಬಗೆಗೆ ಯಾರ ಬಳಿ ದೂರುವುದು?

ಈ ಬಾಲಕ ಮಾಡಿದ್ದು ಸರಿಯೇ ಎಂಬ ಪ್ರಶ್ನೆಯನ್ನು ಇಲ್ಲಿ ತೇಲಿಸಿಬಿಡುವುದು ನ್ಯಾಯವಲ್ಲ. ಅಂದು ಫಿರಂಗಿಯ ಬಳಿ ನಿಂತ ಹುಡುಗರು ನೆಪೋಲಿಯನ್ನನಿಗಾಗಿ ಅಲ್ಲ, ತಮ್ಮ ಊರಿಗಾಗಿ ನಿಂತೆವೆಂದು ಹೇಳಬಹುದು, ಆ ಮಾತಿಗೆ ತೂಕವೂ ಇದೆ. ಮುಖಂಡನಾದವನು ಅಪಾಯದ ಗಳಿಗೆಯಲ್ಲಿ ಸಾಲು ಬಿಟ್ಟರೆ ಉಳಿದವರ ಎದೆ ಕುಸಿಯುತ್ತದೆ. ನೆಪೋಲಿಯನ್ನನ ವಿಷಯದಲ್ಲಿ ಆತನ ರಾಜಕೀಯ ತೀರ್ಮಾನವೇ ಸರಿಯೆಂದು ನಾವು ವಾದಿಸಲಾರೆವು. ಆದರೆ ಸಂತ ತೋಮಸ್ ಅಕ್ವಿನಾಸರು 'ಸುಮ್ಮಾ' ಗ್ರಂಥದಲ್ಲಿ ಈ ತೊಡಕನ್ನು ಬಿಡಿಸಿದ್ದಾರೆ: ಮನಸ್ಸಾಕ್ಷಿ ತಪ್ಪಾಗಿ ತಿಳಿದಿದ್ದಾಗಲೂ ಅದು ಮನುಷ್ಯನನ್ನು ಕಟ್ಟಿಹಾಕುತ್ತದೆ, ಕೆಟ್ಟದ್ದೆಂದು ತಾನು ನಿಜವಾಗಿ ನಂಬಿದುದನ್ನು ಮಾಡುವವನು ಪಾಪವನ್ನೇ ಮಾಡುತ್ತಾನೆ. ಇದರ ಜೊತೆಗೇ ಅವರು ಇನ್ನೊಂದನ್ನೂ ಹೇಳುತ್ತಾರೆ, ಅದನ್ನು ನಮ್ಮಲ್ಲಿ ಅನೇಕರು ಅನುಕೂಲವಾಗಿ ಮರೆಯುತ್ತೇವೆ: ಮನಸ್ಸಾಕ್ಷಿಯನ್ನು ತಿದ್ದಿಕೊಳ್ಳಲು ಉದಾಸೀನ ಮಾಡಿದವನಿಗೆ ಅದರ ಮಾತು ನೆಪವಾಗಲಾರದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ 'ಗೌದಿಯುಮ್ ಎತ್ ಸ್ಪೆಸ್' ಪತ್ರವು ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಲ್ಲದವರನ್ನು ಕಾನೂನುಗಳು ಮಾನವೀಯವಾಗಿ ಕಾಣಬೇಕೆಂದು, ಅವರು ಬೇರೊಂದು ಬಗೆಯಲ್ಲಿ ಸಮಾಜಸೇವೆಗೆ ಸಿದ್ಧರಿರಬೇಕೆಂದು ಹೇಳಿದೆ. ನೂರೈವತ್ತು ವರ್ಷ ಮೊದಲು ಆ ಹುಡುಗನಿಗೆ ಇಂಥ ಆಸರೆ ಇರಲಿಲ್ಲ. ಅಂದು ಪ್ಯಾರಿಸ್ಸಿನ ರಕ್ಷಣೆಯಲ್ಲಿ ಪಾಲ್ಗೊಂಡಿದ್ದ ಸಹಪಾಠಿ, ಮುಂದೆ ಮಹಾ ರೇಖಾಗಣಿತಜ್ಞರೆಂದು ಹೆಸರಾದ ಷಾಲ್ ಅವರು, ಬಹುಕಾಲದ ಬಳಿಕ ಈ ಪ್ರಸಂಗವನ್ನು ಉದಾರ ಮನಸ್ಸಿನಿಂದ ಕಂಡರೆಂದು ಚರಿತ್ರಕಾರರು ಬರೆದಿದ್ದಾರೆ.

ಇನ್ನು ಅವರ ಉದ್ಯೋಗದ ವಿಚಾರ. ಲ್ವಾರ್ ನದಿಯ ಜಲಾನಯನವನ್ನು ಸೇನ್ ನದಿಯ ಜಲಾನಯನಕ್ಕೆ ಸೇರಿಸುವ ನಿವೆರ್ನೇ ಕಾಲುವೆಯಲ್ಲಿ, ಬಳಿಕ ಆರ್ದೆನ್ ಕಾಲುವೆಯಲ್ಲಿ ಅವರು ಇಂಜಿನಿಯರರಾಗಿ ದುಡಿದರು. ಹಗಲು ಕಾಲುವೆಯ ಕೆಸರು, ಬಿಡುವಿನಲ್ಲಿ ಗಣಿತ. 1834ರಲ್ಲಿ ವಿಜ್ಞಾನ ಅಕಾಡೆಮಿಗೆ ಎರಡು ಪ್ರಬಂಧಗಳನ್ನು ಒಪ್ಪಿಸಿದರು. 1837ರಲ್ಲಿ ಪ್ರಾಧ್ಯಾಪಕ ಕೊರಿಯೊಲಿಸ್ ಅಸ್ವಸ್ಥರಾದಾಗ ಪದಾರ್ಥಬಲದ ಪಾಠ ಹೇಳಲು ಸೇತುವೆಗಳ ಶಾಲೆ ಕರೆದದ್ದು ಇವರನ್ನೇ. ಯಾವ ಶಾಲೆಯಲ್ಲಿ ಯಾರೂ ಪಕ್ಕದಲ್ಲಿ ಕೂರದೆ ಓದಿದರೋ ಅದೇ ಶಾಲೆ. ಆ ಕಾಲದಲ್ಲಿ ಗಣಿತಜ್ಞರು ಒಂದು ದಂಡೆಯಲ್ಲಿ, ಕಟ್ಟಡ ಕಟ್ಟುವವರು ಇನ್ನೊಂದು ದಂಡೆಯಲ್ಲಿ ನಿಂತಿದ್ದರು. ಸ್ಥಿತಿಸ್ಥಾಪಕತ್ವದ ಗಣಿತ ಬೆಳೆಯುತ್ತಿತ್ತು. ತೊಲೆ ಕೂರಿಸುವವನಿಗೆ ಅದರಿಂದ ಪ್ರಯೋಜನವಿರಲಿಲ್ಲ. ಈ ಎರಡು ದಂಡೆಗಳ ನಡುವೆ ಸೇತುವೆ ಕಟ್ಟಿದ್ದೇ ಸೇಂಟ್ ವೆನಾಂ ಅವರ ಜೀವಮಾನದ ಕೆಲಸ.

ಅದರಲ್ಲಿ ಶಿಖರಪ್ರಾಯವಾದುದು ತಿರುಚುವಿಕೆಯನ್ನು ಕುರಿತ ಪ್ರಬಂಧ. 1853ರ ಜೂನ್ 13ರಂದು ಅಕಾಡೆಮಿಗೆ ಒಪ್ಪಿಸಲ್ಪಟ್ಟು 1855ರಲ್ಲಿ ಅಚ್ಚಾಯಿತು. ಪರಿಶೀಲಿಸಿದವರು ಕೋಶಿ, ಪೊನ್ಸಲೆ, ಪಿಯೊಬೆರ್, ಲಾಮೆ. ಇವರಲ್ಲಿ ಕೋಶಿಯವರೂ ನಿಷ್ಠಾವಂತ ಕಥೋಲಿಕರು. 1830ರಲ್ಲಿ ಹೊಸ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಪ್ರಾಧ್ಯಾಪಕ ಪದವಿಗಳನ್ನು ತೊರೆದು ದೇಶ ಬಿಟ್ಟು ಹೋಗಿದ್ದವರು. ಮನಸ್ಸಾಕ್ಷಿಗಾಗಿ ಬೆಲೆ ತೆತ್ತವನ ಪ್ರಬಂಧವನ್ನು ಹಾಗೆಯೇ ಬೆಲೆ ತೆತ್ತ ಇನ್ನೊಬ್ಬರು ಓದಿದರು.

ಆ ಪ್ರಬಂಧದ ತಿರುಳನ್ನು ಗಣಿತವಿಲ್ಲದೆ ಹೇಳಲು ಪ್ರಯತ್ನಿಸುತ್ತೇವೆ. ಒದ್ದೆ ಬಟ್ಟೆಯನ್ನು ಹಿಂಡುವಂತೆ ಒಂದು ಸರಳನ್ನು ಎರಡು ತುದಿಗಳಲ್ಲಿ ಹಿಡಿದು ತಿರುಚುತ್ತೇವೆಂದು ಭಾವಿಸೋಣ. ಸರಳು ದುಂಡಗಿದ್ದರೆ ಲೆಕ್ಕ ಸುಲಭ. ಅದನ್ನು ಕೂಲಂಬ್ 1780ರ ದಶಕದಲ್ಲಿಯೇ ಮಾಡಿದ್ದರು. ನಡುವಿನಿಂದ ದೂರ ಸರಿದಷ್ಟೂ ಒಳಪೀಡನ ಹೆಚ್ಚು, ಹೊರಮೈಯಲ್ಲಿ ಅತ್ಯಧಿಕ. ಸರಳು ಚೌಕವಾಗಿದ್ದರೆ? ನಡುವಿನಿಂದ ಅತಿ ದೂರವಿರುವುದು ನಾಲ್ಕು ಮೂಲೆಗಳಾದ್ದರಿಂದ ಅಪಾಯವೆಲ್ಲ ಅಲ್ಲಿಯೇ ಎಂದು ಅದೇ ಹಾದಿಯ ತರ್ಕ ಹೇಳುತ್ತದೆ. ನವಿಯೆ ಅವರಂಥ ದೊಡ್ಡ ಇಂಜಿನಿಯರರ ಸಿದ್ಧಾಂತವೂ ಹಾಗೆಯೇ ಹೇಳಿತ್ತು. ಸೇಂಟ್ ವೆನಾಂ ಅವರು ಇದು ತಲೆಕೆಳಗಾದ ಮಾತೆಂದು ತೋರಿಸಿಕೊಟ್ಟರು. ಮೂಲೆಗಳಲ್ಲಿ ಪೀಡನ ಶೂನ್ಯ. ಅತ್ಯಧಿಕ ಪೀಡನವಿರುವುದು ಪ್ರತಿ ಮುಖದ ನಡುಗೆರೆಯಲ್ಲಿ, ಎಂದರೆ ಹೊರಮೈಯಲ್ಲಿ ನಡುವಿಗೆ ಅತಿ ಹತ್ತಿರವಾದ ಎಡೆಯಲ್ಲಿ. ಕಾರಣವೇನೆಂದರೆ, ಚೌಕದ ಸರಳನ್ನು ತಿರುಚಿದಾಗ ಅದರ ಅಡ್ಡಕೊಯ್ತದ ಮೈ ಸಮತಟ್ಟಾಗಿ ಉಳಿಯುವುದಿಲ್ಲ. ಹಪ್ಪಳ ಬಿಸಿಲಿಗೆ ಸೊಟ್ಟಗಾಗುವಂತೆ ಏರಿಳಿಯುತ್ತದೆ. ಹಿಂದಿನವರು ಈ ಏರಿಳಿತವನ್ನು ಗಣಿಸಿರಲಿಲ್ಲ. ಗಣಿಸಿದರೆ ಚೌಕದ ಸರಳಿನ ಬಿಗುವು ಹಳೆಯ ಲೆಕ್ಕದ ನೂರಕ್ಕೆ ಎಂಬತ್ತನಾಲ್ಕರಷ್ಟು ಮಾತ್ರ. ನಂಬಿಕೆಯಾಗದಿದ್ದರೆ ಮನೆಯ ಮಕ್ಕಳು ಉದ್ದನೆಯ ಚೌಕದ ರಬ್ಬರ್ ತುಂಡಿನ ಮೇಲೆ ಶಾಯಿಯಿಂದ ಪುಟ್ಟ ಪುಟ್ಟ ಚೌಕಗಳನ್ನು ಗೀಚಿ ತಿರುಚಿ ನೋಡಲಿ. ಮುಖದ ನಡುವಿನ ಚೌಕಗಳು ವಕ್ರವಾಗುತ್ತವೆ, ಮೂಲೆಯ ಅಂಚಿನವು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ.

ಈ ಉತ್ತರವನ್ನು ತಲುಪಿದ ಅವರ ಮಾರ್ಗವೂ ಗಮನಾರ್ಹವಾದುದು. ಪೂರ್ಣ ಸಮೀಕರಣಗಳನ್ನು ನೇರವಾಗಿ ಬಿಡಿಸುವುದು ಆಗದ ಮಾತಾಗಿತ್ತು. ಉತ್ತರದ ಒಂದು ಭಾಗವನ್ನು ವಿವೇಕದಿಂದ ಊಹಿಸಿ, ಉಳಿದ ಭಾಗವನ್ನು ಸಮೀಕರಣಗಳೇ ನಿರ್ಧರಿಸಲೆಂದು ಬಿಟ್ಟುಕೊಟ್ಟರು. ಅರೆ ವಿಲೋಮ ವಿಧಾನವೆಂದು ಇದಕ್ಕೆ ಹೆಸರು. ಊಹೆ ತಪ್ಪಾಗಿದ್ದರೆ ಸಮೀಕರಣಗಳು ಒಪ್ಪುವುದಿಲ್ಲ, ಸರಿಯಾಗಿದ್ದರೆ ಉಳಿದುದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಅವರ ಹೆಸರಿನ 'ತತ್ತ್ವ' ಬರುವುದೂ ಇದೇ ಪ್ರಬಂಧದಲ್ಲಿ. ಚರ್ಚಿನ ಗಂಟೆಯ ಹಗ್ಗವನ್ನು ನೋಡಿ. ಮೇಲಿನ ತುದಿಯಲ್ಲಿ ಅದನ್ನು ಯಾವ ಗಂಟು ಹಾಕಿ ಬಿಗಿದಿದ್ದಾರೆಂಬುದು ಆ ಗಂಟಿನ ಬಳಿಯ ನೂಲುಗಳಿಗೆ ಮುಖ್ಯ, ಕೆಳಗೆ ನಡುಹಗ್ಗಕ್ಕೆ ಅದರ ಗೊಡವೆಯಿಲ್ಲ. ಅಲ್ಲಿ ಎಳೆತ ಎಷ್ಟೆಂಬುದಷ್ಟೇ ಲೆಕ್ಕ. ಹಾಗೆಯೇ ಒಂದು ತೊಲೆಯ ತುದಿಯಲ್ಲಿ ಭಾರವು ಹೇಗೆ ಹಂಚಿಹೋಗಿದೆ ಎಂಬುದರ ಪ್ರಭಾವ ಆ ತುದಿಯ ಆಸುಪಾಸಿನಲ್ಲಿ ಮಾತ್ರ; ತೊಲೆಯ ದಪ್ಪದಷ್ಟು ದೂರ ಸರಿಯುವಷ್ಟರಲ್ಲಿ ಅದು ಬಹುಪಾಲು ಅಳಿದುಹೋಗುತ್ತದೆ. ಭಾರದ ಮೊತ್ತವೂ ಅದರ ತಿರುಗುಬಲವೂ ಬದಲಾಗಬಾರದು, ಅಷ್ಟೇ ನಿಯಮ. ಈ ಮಾತಿಲ್ಲದೆ ಇಂದಿಗೂ ಯಾವ ಇಂಜಿನಿಯರನೂ ತೊಲೆಯ ಲೆಕ್ಕವನ್ನು ಧೈರ್ಯದಿಂದ ಮಾಡಲಾರ. ನಮ್ಮ ಕಾಲೇಜುಗಳಲ್ಲಿ ಮಕ್ಕಳು ಪರೀಕ್ಷೆಗೆ ಬಾಯಿಪಾಠ ಮಾಡುವುದು ಇದನ್ನೇ. ಇದಕ್ಕೆ 'ಸೇಂಟ್ ವೆನಾಂ ತತ್ತ್ವ' ಎಂದು ಹೆಸರಿಟ್ಟವರು 1885ರಲ್ಲಿ ಬುಸಿನೆಸ್ಕ್, ಅವರು ಕೈಹಿಡಿದು ಬೆಳೆಸಿದ ಕಿರಿಯ ವಿದ್ವಾಂಸರು.

ಹೆಸರಿನ ವಿಷಯ ಬಂದುದರಿಂದ ಇನ್ನೊಂದನ್ನು ಹೇಳಬೇಕು. ಅಂಟುಳ್ಳ ದ್ರವಗಳು ಹರಿಯುವ ಸಮೀಕರಣಗಳಿಗೆ ಜಗತ್ತು ನವಿಯೆ ಮತ್ತು ಸ್ಟೋಕ್ಸ್ ಎಂಬ ಇಬ್ಬರ ಹೆಸರಿಟ್ಟಿದೆ. ಸ್ಟೋಕ್ಸರ ಪ್ರಬಂಧ 1845ರದು. ಅವೇ ಸಮೀಕರಣಗಳನ್ನು, ಒಳಘರ್ಷಣೆಯ ಸರಿಯಾದ ವಿವರಣೆಯೊಂದಿಗೆ, ಸೇಂಟ್ ವೆನಾಂ ಅವರು 1843ರಲ್ಲಿಯೇ ಪ್ರಕಟಿಸಿದ್ದರು. ಆ ಸಮೀಕರಣಗಳಿಗೆ ಅವರ ಹೆಸರು ಅಂಟಲಿಲ್ಲ. ಬದಲಾಗಿ 1871ರಲ್ಲಿ ಅವರು ಬರೆದ ನದಿಯ ನೆರೆಗಳ ಸಮೀಕರಣಗಳಿಗೆ ಅಂಟಿತು. ಮಳೆಗಾಲದ ನೆರೆ ನದಿಯಲ್ಲಿ ಹೇಗೆ ಇಳಿದು ಬರುತ್ತದೆ, ಸಮುದ್ರದ ಉಬ್ಬರ ನದಿಯ ಪಾತ್ರದೊಳಗೆ ಹೇಗೆ ಏರುತ್ತದೆ ಎಂಬುದೇ ಆ ಬರಹದ ವಿಷಯ. ನೇತ್ರಾವತಿಯ ಅಳಿವೆಯಲ್ಲಿ ಉಬ್ಬರದ ನೀರು ಒಳಸರಿಯುವುದನ್ನು ಕಂಡ ನಮ್ಮ ಕರಾವಳಿಯವರಿಗೆ ಇದು ಅಪರಿಚಿತ ವಿಷಯವಲ್ಲ. ಇಂದು ಕಂಪ್ಯೂಟರುಗಳಲ್ಲಿ ನೆರೆಯ ಮುನ್ಸೂಚನೆ ಲೆಕ್ಕ ಹಾಕುವವರು ಬಿಡಿಸುವುದು ಈ ಸಮೀಕರಣಗಳನ್ನೇ.

ನೀರು, ನೆಲ, ಬೇಸಾಯ ಇವುಗಳಲ್ಲಿ ಅವರಿಗೆ ತಂದೆಯಿಂದ ಬಂದ ಆಸಕ್ತಿಯಿತ್ತು. ಪ್ಯಾರಿಸ್ ನಗರಾಡಳಿತದಲ್ಲಿ ಕೆಲಕಾಲ ದುಡಿದು, ಅಧಿಕಾರಿಗಳೊಡನೆ ಅಭಿಪ್ರಾಯಭೇದ ಬಂದಾಗ ಆ ಕೆಲಸ ಬಿಟ್ಟರು. ಬೇಸಾಯಕ್ಕೆ ನೀರಿನ ಬಳಕೆಯ ಬಗೆಗೆ ಬರೆದ ಬರಹಗಳಿಗೆ ಕೃಷಿ ಸಂಘದ ಚಿನ್ನದ ಪದಕ ಬಂದಿತು. 1850ರಿಂದ ವೆರ್ಸಾಯಿಯ ಕೃಷಿ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಇಂಜಿನಿಯರಿಂಗ್ ಪ್ರಾಧ್ಯಾಪಕರಾದರು. 1852ರಲ್ಲಿ ಆ ಸಂಸ್ಥೆಯನ್ನೇ ಮುಚ್ಚಿದವನು ನೆಪೋಲಿಯನ್ನನ ತಮ್ಮನ ಮಗ ಲೂಯಿ ನೆಪೋಲಿಯನ್. ಬೊನಾಪಾರ್ಟ್ ಮನೆತನಕ್ಕೂ ನಮ್ಮ ಪ್ರಾಧ್ಯಾಪಕರಿಗೂ ಕೂಡಿಬರಲೇ ಇಲ್ಲವೆನ್ನಬೇಕು.

ಅಕಾಡೆಮಿಯ ಸದಸ್ಯತ್ವ ದೊರೆತದ್ದು 1868ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಪೊನ್ಸಲೆಯವರ ತೆರವಾದ ಸ್ಥಾನಕ್ಕೆ. ಮರುವರ್ಷ, 1869ರಲ್ಲಿ, ಜಗದ್ಗುರು ಒಂಬತ್ತನೆಯ ಪಿಯುಸ್ ಅವರು ಅವರಿಗೆ ಕೌಂಟ್ ಪದವಿಯನ್ನು ಅನುಗ್ರಹಿಸಿದರು. ಅನ್ಯರ ಪುಸ್ತಕಗಳನ್ನು ಸಂಪಾದಿಸುವುದರಲ್ಲಿ ಅವರಿಗಿದ್ದ ಶ್ರದ್ಧೆಯನ್ನು ನೆನೆದರೆ ನಗುವೂ ಗೌರವವೂ ಒಟ್ಟಿಗೆ ಬರುತ್ತವೆ. ನವಿಯೆ ತೀರಿಕೊಂಡ ಬಹುವರ್ಷಗಳ ನಂತರ 1864ರಲ್ಲಿ ಅವರ ಪಾಠಗಳ ಮೂರನೆಯ ಆವೃತ್ತಿಯನ್ನು ಹೊರತಂದಾಗ ಸೇಂಟ್ ವೆನಾಂ ಅವರು ಬರೆದ ಟಿಪ್ಪಣಿಗಳೆಷ್ಟಿದ್ದವೆಂದರೆ, ಸಂಪುಟದಲ್ಲಿ ನವಿಯೆಯವರ ಮಾತು ಹತ್ತರಲ್ಲಿ ಒಂದು ಪಾಲು ಮಾತ್ರ! 1883ರಲ್ಲಿ ಜರ್ಮನಿಯ ಕ್ಲೆಬ್ಷ್ ಅವರ ಗ್ರಂಥವನ್ನು ಫ್ಲಾಮಾಂ ಅವರ ಜೊತೆಗೂಡಿ ಫ್ರೆಂಚಿಗೆ ತಂದಾಗ ಅದು ಮೂಲದ ಮೂರರಷ್ಟಾಯಿತು. ಆಗ ಅವರಿಗೆ ಎಂಬತ್ತೈದು ದಾಟಿತ್ತು. ತಮ್ಮ ಹೆಸರಿನಲ್ಲಿಯೇ ಬೇರೆ ಪುಸ್ತಕ ಬರೆಯಬಹುದಿತ್ತು. ಅವರಿಗೆ ಅದು ತೋಚಿದಂತಿಲ್ಲ.

ತತ್ತ್ವಶಾಸ್ತ್ರದ ಅಭಿರುಚಿಯುಳ್ಳ ನಮಗೆ ಅತ್ಯಂತ ಕುತೂಹಲ ಹುಟ್ಟಿಸುವುದು 1877ರಲ್ಲಿ ಅವರು ಅಕಾಡೆಮಿಯ ಮುಂದಿಟ್ಟ ಒಂದು ಚಿಕ್ಕ ಬರಹ. ಬಲವಿಜ್ಞಾನದ ನಿಯಮಗಳಿಗೂ ಮನುಷ್ಯನ ಸ್ವಾತಂತ್ರ್ಯಕ್ಕೂ ಇರುವ ಹೊಂದಾಣಿಕೆಯೇ ಅದರ ವಿಷಯ. ಲಾಪ್ಲಾಸರ ಕಾಲದಿಂದ ವಿದ್ವಾಂಸರನೇಕರು ಜಗತ್ತನ್ನು ಕೀಲಿಕೊಟ್ಟ ಗಡಿಯಾರವೆಂದು ಭಾವಿಸಿದ್ದರು. ಪ್ರತಿ ಅಣುವಿನ ಇಂದಿನ ಸ್ಥಿತಿ ತಿಳಿದರೆ ನಾಳೆಯದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಹಾಗಾದರೆ ಪಾಪವೆಲ್ಲಿ, ಪುಣ್ಯವೆಲ್ಲಿ? ಹದಿನಾರರ ವಯಸ್ಸಿನಲ್ಲಿ ಸಾಲಿನಿಂದ ಹೊರಗೆ ಹೆಜ್ಜೆಯಿಟ್ಟವನ ಕಾಲು ಕೂಡ ಕೇವಲ ಅಣುಗಳ ಲೆಕ್ಕದಿಂದಲೇ ಚಲಿಸಿತೇ? ಸೇಂಟ್ ವೆನಾಂ ಅವರ ಉತ್ತರ ಇಂಜಿನಿಯರನಿಗೆ ತಕ್ಕುದಾಗಿತ್ತು. ಬಂದೂಕಿನ ಕುದುರೆಯನ್ನು ಒತ್ತಲು ಬೇಕಾದ ಶ್ರಮ ಅತ್ಯಲ್ಪ, ಬಿಡುಗಡೆಯಾಗುವ ಶಕ್ತಿ ಅಪಾರ. ಯಂತ್ರವನ್ನು ನಯಗೊಳಿಸಿದಷ್ಟೂ ಒತ್ತುವ ಶ್ರಮವನ್ನು ಕಡಿಮೆ ಮಾಡುತ್ತಾ ಹೋಗಬಹುದು, ಅದಕ್ಕೆ ಕೆಳಮಿತಿಯಿಲ್ಲ. ಮನುಷ್ಯದೇಹವು ಅಂಥ ಅತಿ ನಯವಾದ ಯಂತ್ರವಾದರೆ, ಶಕ್ತಿಸಂರಕ್ಷಣೆಯ ನಿಯಮಕ್ಕೆ ಭಂಗ ಬಾರದೆ ಸಂಕಲ್ಪವು ಅದನ್ನು ನಡೆಸಬಹುದು. ಬುಸಿನೆಸ್ಕ್ ಅವರು 1878ರಲ್ಲಿ ಇದೇ ಜಾಡಿನಲ್ಲಿ ಮುಂದುವರಿದು, ಕೆಲವು ಸಮೀಕರಣಗಳಿಗೆ ಒಂದೇ ಬಿಂದುವಿನಿಂದ ಒಂದಕ್ಕಿಂತ ಹೆಚ್ಚು ದಾರಿಗಳು ಹೊರಡುವುದನ್ನು ಎತ್ತಿ ತೋರಿಸಿದರು. ಸ್ಕಾಟ್ಲೆಂಡಿನ ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್ 1879ರಲ್ಲಿ ಗಾಲ್ಟನ್ ಅವರಿಗೆ ಬರೆದ ಪತ್ರದಲ್ಲಿ ಈ ಇಬ್ಬರ ಯತ್ನವನ್ನು ಮೆಚ್ಚುಗೆಯಿಂದ ಪ್ರಸ್ತಾಪಿಸಿದ್ದಾರೆ.

ಈ ಉತ್ತರ ನಮಗೆ ಪೂರ್ತಿ ಒಪ್ಪಿಗೆಯೇ? ಇಲ್ಲ. ಅತ್ಯಲ್ಪವೆಂಬುದು ಶೂನ್ಯವಲ್ಲ. ಆತ್ಮವನ್ನು ದೇಹದ ಕುದುರೆಯೊತ್ತುವ ಒಂದು ಸಣ್ಣ ಬೆರಳೆಂದು ಭಾವಿಸಿದರೆ ಅದನ್ನೂ ಬಲಗಳ ಸಾಲಿನಲ್ಲಿ ಇನ್ನೊಂದು ಬಲವಾಗಿ ನಿಲ್ಲಿಸಿದಂತಾಗುತ್ತದೆ. ಸಂತ ತೋಮಸರು ಕಂಡಂತೆ ಆತ್ಮವು ದೇಹಕ್ಕೆ ರೂಪ ಕೊಡುವ ತತ್ತ್ವ, ದೇಹವನ್ನು ಹೊರಗಿನಿಂದ ತಳ್ಳುವ ವಸ್ತುವಲ್ಲ. ಆದರೂ ಒಂದು ಮಾತು ಒಪ್ಪಲೇಬೇಕು. ತನ್ನ ವಿಜ್ಞಾನ ಒಂದು ಕೋಣೆಯಲ್ಲಿ, ಭಾನುವಾರದ ಬಲಿಪೂಜೆ ಇನ್ನೊಂದು ಕೋಣೆಯಲ್ಲಿ ಎಂದು ಬೇಲಿ ಹಾಕಿಕೊಂಡು ಬದುಕುವ ಸುಲಭದ ದಾರಿಯನ್ನು ಈ ಮುದುಕ ಹಿಡಿಯಲಿಲ್ಲ. ಎಂಬತ್ತರ ಹೊಸ್ತಿಲಲ್ಲಿ ನಿಂತು, ಸಹೋದ್ಯೋಗಿಗಳ ಮುಂದೆ, ಅವರದೇ ಭಾಷೆಯಲ್ಲಿ ಪ್ರಶ್ನೆಯನ್ನು ಎತ್ತಿದರು.

ಅವರ ಒಂದು ಹಟವನ್ನೂ ಮುಚ್ಚಿಡಬಾರದು. ಅಣುಗಳು ಗಾತ್ರವಿಲ್ಲದ ಬರಿಯ ಬಿಂದುಗಳು, ಅವುಗಳ ನಡುವೆ ಸೆಳೆತ ಮತ್ತು ತಳ್ಳುವಿಕೆ ಮಾತ್ರ ಇವೆ ಎಂದು ಅವರು ನಂಬಿದ್ದರು. ಹದಿನೆಂಟನೆಯ ಶತಮಾನದಲ್ಲಿ ಯೇಸುಸಭೆಯ ಗುರು ಬೊಸ್ಕೊವಿಚ್ ಪ್ರತಿಪಾದಿಸಿದ ವಿಚಾರಕ್ಕೆ ಇದು ಹತ್ತಿರವಾದುದು. ಈ ನಂಬಿಕೆಯ ಪ್ರಕಾರ ಯಾವ ಘನವಸ್ತುವಿನ ಸ್ಥಿತಿಸ್ಥಾಪಕತ್ವಕ್ಕೂ ಹದಿನೈದಕ್ಕಿಂತ ಹೆಚ್ಚು ಸ್ಥಿರಾಂಕಗಳು ಬೇಕಿಲ್ಲ. ಇಂಗ್ಲೆಂಡಿನ ಗ್ರೀನ್ ಅವರು ಇಪ್ಪತ್ತೊಂದು ಬೇಕೆಂದಿದ್ದರು. ಎಲ್ಲ ದಿಕ್ಕಿನಲ್ಲಿ ಏಕರೂಪವಾದ ವಸ್ತುವನ್ನು ಎಳೆದಾಗ ಅದು ಉದ್ದಕ್ಕೆ ಹಿಗ್ಗುವುದಕ್ಕೂ ಅಡ್ಡಕ್ಕೆ ಕುಗ್ಗುವುದಕ್ಕೂ ಇರುವ ಪ್ರಮಾಣ ನಾಲ್ಕರಲ್ಲಿ ಒಂದೇ ಆಗಬೇಕು ಎಂಬುದು ಸೇಂಟ್ ವೆನಾಂ ಅವರ ಪಕ್ಷ. ಪ್ರಯೋಗಗಳು ಒಪ್ಪಲಿಲ್ಲ. ಉಕ್ಕು ಅದಕ್ಕಿಂತ ತುಸು ಹೆಚ್ಚು, ರಬ್ಬರು ಅರ್ಧದ ಸಮೀಪ, ಬೆಂಡು ಶೂನ್ಯದ ಸಮೀಪ. ರಬ್ಬರು, ಬೆಂಡುಗಳು ನಿಜವಾದ ಸ್ಥಿತಿಸ್ಥಾಪಕ ಘನವಸ್ತುಗಳೇ ಅಲ್ಲ, ಲೋಹದ ಸರಳುಗಳೂ ಎಲ್ಲ ದಿಕ್ಕಿನಲ್ಲಿ ಏಕರೂಪವಲ್ಲ ಎಂದು ಅವರು ಕೊನೆಯವರೆಗೆ ವಾದಿಸಿದರು. ಅವರ ಮರಣಾನಂತರ ಜರ್ಮನಿಯ ಫೋಯ್ಗ್ಟ್ ಹರಳುಗಳ ಮೇಲೆ ನಡೆಸಿದ ಅಳತೆಗಳು ವಿವಾದವನ್ನು ಗ್ರೀನರ ಪರವಾಗಿ ಮುಗಿಸಿದವು. 1814ರ ಹುಡುಗನಲ್ಲಿ ನಾವು ಮೆಚ್ಚುವ ಅಚಲತೆಯೂ ಈ ಮುದುಕನಲ್ಲಿ ನಮಗೆ ತೊಡಕೆನಿಸುವ ಹಟವೂ ಒಂದೇ ಬೇರಿನಿಂದ ಬಂದವೆಂದು ತೋರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಿತ್ತುಹಾಕಲು ಸಾಧ್ಯವಿತ್ತೇ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅದೇ ಮುದುಕ ಹೊಸತಕ್ಕೆ ಕಣ್ಣು ಮುಚ್ಚಿದವರೂ ಅಲ್ಲ. ಅಪಾರ ಒತ್ತಡದಲ್ಲಿ ಲೋಹಗಳು ಜೇಡಿಮಣ್ಣಿನಂತೆ ಹರಿಯುತ್ತವೆಂದು ತ್ರೆಸ್ಕಾ ಪ್ರಯೋಗದಿಂದ ತೋರಿಸಿದಾಗ, ಎಪ್ಪತ್ತು ದಾಟಿದ್ದ ಸೇಂಟ್ ವೆನಾಂ ಅವರು 1870ರಲ್ಲಿ ಆ ಹರಿವಿಗೆ ಮೊತ್ತಮೊದಲ ಸಮೀಕರಣಗಳನ್ನು ಬರೆದುಕೊಟ್ಟರು.

1886ರ ಜನವರಿ 2ರಂದು ಅಕಾಡೆಮಿಯ ಪತ್ರಿಕೆಯಲ್ಲಿ ಅವರ ಕೊನೆಯ ಲೇಖನ ಪ್ರಕಟವಾಯಿತು. ನಾಲ್ಕು ದಿನಗಳ ಬಳಿಕ, ಜನವರಿ 6ರಂದು, ಧರ್ಮಸಭೆಯು ಮೂವರು ಜ್ಞಾನಿಗಳನ್ನು ಸ್ಮರಿಸುವ ದಿನ, ವಾಂದೋಮ್ ಪಟ್ಟಣದ ಬಳಿಯ ಸೇಂಟ್ ಉವಾನ್ ಎಂಬಲ್ಲಿ ಅವರು ದೈವಾಧೀನರಾದರು. ವಯಸ್ಸು ಎಂಬತ್ತೆಂಟು. ಮರಣವಾರ್ತೆಯನ್ನು ಸಭೆಗೆ ತಿಳಿಸಿದ ಅಕಾಡೆಮಿಯ ಅಧ್ಯಕ್ಷರು, ಪಾಸ್ಕಲ್ ಮತ್ತು ನ್ಯೂಟನ್ನರಿಗೆ ಆಸರೆಯಾಗಿದ್ದ ಭರವಸೆಯೇ ಆ ಮಹಾಪ್ರಯಾಣದಲ್ಲಿ ಇವರಿಗೂ ಆಸರೆಯಾಯಿತೆಂದು ನುಡಿದರು. ಅದೇ ವರ್ಷ ಕೇಂಬ್ರಿಜ್ಜಿನಲ್ಲಿ ಸ್ಥಿತಿಸ್ಥಾಪಕತ್ವದ ಬೃಹತ್ ಇತಿಹಾಸದ ಮೊದಲ ಸಂಪುಟ ಅಚ್ಚಾಯಿತು. ಅದರ ಸಂಪಾದಕ ಕಾರ್ಲ್ ಪಿಯರ್ಸನ್ ಯಾವ ಧರ್ಮಕ್ಕೂ ಕಟ್ಟುಬೀಳದ ವಿಚಾರವಾದಿ. ಆದರೂ ಸಂಪುಟವನ್ನು ಅರ್ಪಿಸಿದ್ದು ಸೇಂಟ್ ವೆನಾಂ ಅವರ ಸ್ಮರಣೆಗೆ, ಆಧುನಿಕ ಕಾಲದ ಸ್ಥಿತಿಸ್ಥಾಪಕತ್ವಜ್ಞರಲ್ಲಿ ಅಗ್ರಗಣ್ಯರೆಂದು ಕರೆದು. ಮೂರು ವರ್ಷಗಳ ನಂತರ, 1889ರಲ್ಲಿ, ಪ್ಯಾರಿಸ್ಸಿನಲ್ಲಿ ಐಫೆಲ್ ಗೋಪುರ ಪೂರ್ಣಗೊಂಡಾಗ ಅದರ ನಾಲ್ಕು ಮುಖಗಳ ಮೇಲೆ ಫ್ರಾನ್ಸಿನ 72 ವಿಜ್ಞಾನಿಗಳ, ಇಂಜಿನಿಯರರ ಹೆಸರುಗಳನ್ನು ಬರೆಯಲಾಯಿತು. ಅಲ್ಲಿ ನವಿಯೆ ಇದ್ದಾರೆ, ಕೊರಿಯೊಲಿಸ್ ಇದ್ದಾರೆ, ಕೋಶಿ, ಪೊನ್ಸಲೆ, ಲಾಮೆ, ತ್ರೆಸ್ಕಾ, ಷಾಲ್ ಎಲ್ಲರೂ ಇದ್ದಾರೆ. ಸೇಂಟ್ ವೆನಾಂ ಅವರ ಹೆಸರಿಲ್ಲ.